ಮುತ್ತಿಗೆಯ ನಡುವೆ ಒಂದು ಕ್ರಯಪತ್ರ

ಕ್ರಿಸ್ತಪೂರ್ವ 587ರ ಸುಮಾರು. ಬಾಬಿಲೋನಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿ ಕೂತಿತ್ತು. ಕೋಟೆಯ ಹೊರಗೆ ಮಣ್ಣಿನ ದಿಬ್ಬಗಳು ಏಳುತ್ತಿದ್ದವು, ಒಳಗೆ ಕಾಳುಕಡ್ಡಿ ತೀರುತ್ತಾ ಬಂದಿತ್ತು. ಈ ಊರು ಉಳಿಯುವುದಿಲ್ಲ ಎಂದು ಸಾರಿದ ತಪ್ಪಿಗೆ ಯೆರೆಮೀಯನೆಂಬ ಪ್ರವಾದಿಯನ್ನು ಅರಮನೆಯ ಕಾವಲಂಗಳದಲ್ಲಿ ಕೂಡಿಹಾಕಿದ್ದರು. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನೇ ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನಗೇ ಸೇರಿದ್ದು ಎಂದ. ಅನಾತೋತ್ ಯೆರೂಸಲೇಮಿಗೆ ಕೂಗಳತೆಯ ಹಳ್ಳಿ. ಅಂದರೆ ಮಾರಾಟಕ್ಕಿದ್ದ ಹೊಲ ಶತ್ರು ಬೀಡುಬಿಟ್ಟ ಸೀಮೆಯಲ್ಲಿತ್ತು. ಯೆರೆಮೀಯ ಚೌಕಾಶಿ ಮಾಡಲಿಲ್ಲ. ತಕ್ಕಡಿಯಲ್ಲಿ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ, ಇಂದಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 200 ಗ್ರಾಂ. ಪತ್ರ ಬರೆದು, ಸಾಕ್ಷಿಗಳ ರುಜು ಹಾಕಿಸಿ, ಮುದ್ರೆಯೊತ್ತಿದ ಪ್ರತಿ ಒಂದು, ತೆರೆದ ಪ್ರತಿ ಇನ್ನೊಂದು, ಎರಡನ್ನೂ ಲಿಪಿಕಾರ ಬಾರೂಕನ ಕೈಗಿತ್ತು, ಬಹುಕಾಲ ಕೆಡದ ಹಾಗೆ ಮಣ್ಣಿನ ಮಡಕೆಯಲ್ಲಿಡು ಎಂದ. ಯೆರೆಮೀಯನ ಪುಸ್ತಕದ 32ನೇ ಅಧ್ಯಾಯದಲ್ಲಿರುವ ಈ ವಿವರ ಓದಿದರೆ, ಬರೆದವನು ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂರುವ ಪತ್ರಬರಹಗಾರನೇನೋ ಅನಿಸಬೇಕು, ಅಷ್ಟು ಚೊಕ್ಕ. ಒಂದು ಮುಚ್ಚಿದ ಪ್ರತಿ, ಒಂದು ತೆರೆದ ಪ್ರತಿ ಎಂಬ ಪದ್ಧತಿ ಕಟ್ಟುಕತೆಯೂ ಅಲ್ಲ. ಮೃತಸಮುದ್ರದ ಬಳಿಯ ಗುಹೆಯೊಂದರಲ್ಲಿ 1960ರ ದಶಕದ ಮೊದಲಿಗೆ ಯಿಗಾಯೆಲ್ ಯಾದಿನ್ ತಂಡಕ್ಕೆ ಸಿಕ್ಕ ಬಾಬಥಾ ಎಂಬ ಹೆಂಗಸಿನ ಕಾಗದಪತ್ರಗಳಲ್ಲಿ ಇದೇ ಬಗೆಯ ಜೋಡಿ ದಸ್ತಾವೇಜುಗಳಿವೆ. ಅವು ಯೆರೆಮೀಯನಿಗಿಂತ ಏಳು ಶತಮಾನ ಈಚಿನವು.

ಬೈಬಲ್ ಉದ್ದಕ್ಕೂ ದೇವರು ನಂಬಿಗಸ್ತನೆಂದು ಕ್ರೈಸ್ತರು ಹೇಳುತ್ತೇವೆ. ಆದಿಕಾಂಡದಿಂದ ಪ್ರಕಟಣೆಯ ತನಕ ಒಂದೇ ವಿಮೋಚನೆಯ ಯೋಜನೆ ಹರಿದುಬಂದಿದೆ ಎನ್ನುತ್ತೇವೆ. ಆದರೆ ಆ ಯೋಜನೆ ಎಂಥದ್ದು ಎಂದು ಕೇಳಿದರೆ ನಮ್ಮ ಬಹುಪಾಲು ಪ್ರಸಂಗಗಳು ಎರಡು ಉತ್ತರಗಳ ನಡುವೆ ಓಲಾಡುತ್ತವೆ. ಒಂದು, ಸತ್ತ ಮೇಲೆ ಆತ್ಮ ಪರಲೋಕ ಸೇರುವುದು. ಇನ್ನೊಂದು, ನಂಬಿದವನ ರೋಗ ಕಳೆದು, ಸಾಲ ತೀರಿ, ಮಗನಿಗೆ ಕೆಲಸ ಸಿಗುವುದು. ನನ್ನ ವಾದ ಈ ಎರಡಕ್ಕೂ ಹೊರತಾದದ್ದು. ಬೈಬಲಿನಲ್ಲಿ ವಿಮೋಚನೆ ಎಂಬುದು ಹುಟ್ಟಿದ್ದೇ ಹೊಲ, ಸಾಲ, ಜೀತಗಳ ನೆಲದಲ್ಲಿ. ದೇವರು ನಂಬಿಗಸ್ತ ಎಂದರೆ ಕಳೆದುಹೋದದ್ದನ್ನು ಬಿಡಿಸಿಕೊಡುವ ಬಾಧ್ಯತೆಯನ್ನು ಆತ ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದಾನೆ ಎಂದು. ಆ ನೆಲವನ್ನು ಬಿಟ್ಟು ಕತೆಯನ್ನು ಮೇಲಕ್ಕೆತ್ತಿದರೆ ಕತೆಯೇ ಉಳಿಯುವುದಿಲ್ಲ.

ಇದನ್ನು ಸಭೆಯ ಮಾಸಪತ್ರಿಕೆಯಲ್ಲಿ ಬರೆಯದೆ ಎಲ್ಲರೂ ಓದುವ ಪತ್ರಿಕೆಯಲ್ಲಿ ಬರೆಯುವುದಕ್ಕೆ ಕಾರಣವಿದೆ. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗ ಕ್ಷೇತ್ರದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ಕ್ಷೇತ್ರದಲ್ಲಿ ಮತಾಂತರ ನಡೆಯುತ್ತಿದೆ ಎಂದು ವಿಧಾನಸಭೆಯಲ್ಲಿ ಪ್ರಸ್ತಾಪಿಸಿದರು. ಆ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ನಿಷೇಧದ ಮಸೂದೆಗೆ ಒಪ್ಪಿಗೆ ಕೊಟ್ಟಿತು, 2022ರಲ್ಲಿ ಅದು ಕಾಯ್ದೆಯಾಯಿತು, 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದುಪಡಿಸುವ ತೀರ್ಮಾನ ಮಾಡಿತು. ಬಾಗೂರಿನಿಂದ ಶ್ರೀರಾಂಪುರದವರೆಗೆ ಟೀ ಅಂಗಡಿಗಳಲ್ಲಿ ಆಗ ನಡೆದ ಮಾತೆಲ್ಲ ಯಾರು ಯಾರನ್ನು ಸೇರಿಸಿಕೊಂಡರು, ಏನು ಕೊಟ್ಟರು ಎಂಬುದರ ಸುತ್ತ. ಕ್ರೈಸ್ತರು ಹೇಳುವ ಕತೆಯಾದರೂ ಏನು ಎಂದು ಕೇಳಿದವರು ಕಡಿಮೆ. ಕೇಳಿದ್ದರೆ ನಾವು ನೆಟ್ಟಗೆ ಹೇಳುತ್ತಿದ್ದೆವೇ ಎಂಬುದೂ ಅನುಮಾನ.

ಯಾಜಕಕಾಂಡದ 25ನೇ ಅಧ್ಯಾಯದಿಂದ ಶುರುಮಾಡೋಣ. ಭೂಮಿಯನ್ನು ಶಾಶ್ವತವಾಗಿ ಮಾರಕೂಡದು ಎನ್ನುತ್ತದೆ ಅಲ್ಲಿನ ಕಟ್ಟಳೆ. ಭೂಮಿ ದೇವರದ್ದು, ಅದರ ಮೇಲಿರುವವರು ಒಕ್ಕಲುಗಳು ಎಂಬುದು ಅದಕ್ಕೆ ಕೊಡುವ ಕಾರಣ. 50ನೇ ವರ್ಷ ಜೂಬಿಲಿ ಸಂವತ್ಸರ. ಆ ವರ್ಷ ಕೊಂಬು ಊದಿದಾಗ ಕೈತಪ್ಪಿದ ಹೊಲ ಮೂಲದವನಿಗೆ ಮರಳಬೇಕು, ಸಾಲಕ್ಕೆ ಜೀತ ಸೇರಿದವನು ತನ್ನ ಕುಟುಂಬಕ್ಕೆ ಮರಳಬೇಕು. ಹಾಗಾದರೆ ನಡುವೆ ಮಾರುವಾಗ ಬೆಲೆ ಕಟ್ಟುವುದು ಹೇಗೆ? ಅದಕ್ಕೂ ಲೆಕ್ಕವಿದೆ: ಜೂಬಿಲಿಗೆ ಉಳಿದ ಬೆಳೆಗಳೆಷ್ಟು ಎಂದು ಎಣಿಸಿ ಅಷ್ಟಕ್ಕೆ ಮಾತ್ರ ದುಡ್ಡು. ವರ್ಷ ಜಾಸ್ತಿ ಇದ್ದರೆ ಬೆಲೆ ಜಾಸ್ತಿ, ಕಡಿಮೆ ಇದ್ದರೆ ಕಡಿಮೆ. ನಮ್ಮ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವನು ಇದನ್ನು ಭೋಗ್ಯ ಎನ್ನುತ್ತಾನೆ. ಮಗಳ ಮದುವೆಗೋ ಬೋರ್‌ವೆಲ್ ಕೊರೆಸಿ ನೀರು ಬೀಳದ ಸಾಲಕ್ಕೋ ಹೊಲವನ್ನು ಭೋಗ್ಯಕ್ಕೆ ಹಾಕಿದವನು ಅದನ್ನು ಮಾರಿದೆ ಎನ್ನುವುದಿಲ್ಲ. ಇಂದಲ್ಲ ನಾಳೆ ಬಿಡಿಸಿಕೊಳ್ಳಬೇಕು ಎನ್ನುತ್ತಾನೆ. ತನ್ನಿಂದಾಗದಿದ್ದರೆ ಅಣ್ಣನೋ ದಾಯಾದಿಯೋ ಬಿಡಿಸಿಕೊಟ್ಟಾರು ಎಂಬ ಆಸೆ ಇರುತ್ತದೆ. ಯಾಜಕಕಾಂಡ ಆ ಆಸೆಯನ್ನೇ ಕಾನೂನು ಮಾಡಿತು: ಹತ್ತಿರದ ಬಂಧು ಮುಂದೆ ಬಂದು ಬಿಡಿಸಿಕೊಡಬೇಕು. ಕೋಟೆಯೊಳಗಿನ ಮನೆಗೆ ಈ ರಕ್ಷಣೆ ಒಂದೇ ವರ್ಷ. ಗೋಡೆಯಿಲ್ಲದ ಹಳ್ಳಿಯ ಮನೆಗೆ ಹೊಲಕ್ಕಿದ್ದಷ್ಟೇ ರಕ್ಷಣೆ. ಪೇಟೆಯ ವ್ಯಾಪಾರಿಗಿಂತ ಹಳ್ಳಿಯ ಬಡವನ ಕಡೆ ತಕ್ಕಡಿ ಇಷ್ಟು ಬಾಗಿಸಿದ ಹಳೆಯ ಕಾನೂನುಗಳು ಹೆಚ್ಚಿಲ್ಲ.

ಕರ್ನಾಟಕದ ಶಾಸನಸಭೆಯೂ ಒಮ್ಮೆ ಇದೇ ದಿಕ್ಕಿನಲ್ಲಿ ಯೋಚಿಸಿದೆ ಎಂಬುದನ್ನು ಇಲ್ಲಿ ನೆನೆಯಬೇಕು. 1978ರ ಪಿಟಿಸಿಎಲ್ ಕಾಯ್ದೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನು ಷರತ್ತು ಮೀರಿ ಪರಭಾರೆಯಾಗಿದ್ದರೆ, ಕ್ರಯಪತ್ರ ಎಷ್ಟೇ ಸೊಗಸಾಗಿದ್ದರೂ ಅದನ್ನು ಅಸಿಂಧು ಮಾಡಿ ಜಮೀನನ್ನು ಮೂಲ ಮಂಜೂರಾತಿದಾರನ ಕುಟುಂಬಕ್ಕೆ ವಾಪಸು ಕೊಡಿಸುತ್ತದೆ. ಸುಪ್ರೀಂ ಕೋರ್ಟು 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಮುಂದೆ, ತಡವಾಗಿ ಬಂದ ಅರ್ಜಿಗಳು ನಿಲ್ಲುವುದಿಲ್ಲ ಎಂಬ ತೀರ್ಪುಗಳು ಬಂದು ಕಾಯ್ದೆ ಸೊರಗಿತು. 2023ರ ತಿದ್ದುಪಡಿ ಕಾಲಮಿತಿಯ ತೊಡಕನ್ನು ತೆಗೆಯಲು ಹೊರಟಿತು. ಈ ಕಾಯ್ದೆ ಮಾಡಿದವರು ಯಾಜಕಕಾಂಡ ಓದಿ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಬಡವನ ರುಜು ಬಡತನದಲ್ಲಿ ಬಿದ್ದ ರುಜು, ಅದನ್ನು ಕೊನೆಯ ಮಾತೆಂದು ಒಪ್ಪಕೂಡದು ಎಂಬ ತಿಳಿವಳಿಕೆ ಎರಡರಲ್ಲೂ ಒಂದೇ. ಮಾರಿದ ಮೇಲೂ ಮಾರಿದವನಿಗೆ ಹಕ್ಕು ಉಳಿಯುತ್ತದೆ ಎಂದರೆ ಕೊಂಡವನಿಗೆ ಅನ್ಯಾಯವಲ್ಲವೇ ಎಂದು ಇಂದಿಗೂ ತಾಲ್ಲೂಕು ಕಚೇರಿಗಳಲ್ಲಿ ಕೇಳುವವರಿದ್ದಾರೆ. ಆ ಪ್ರಶ್ನೆಗೆ ಮೋಶೆಯ ಧರ್ಮಶಾಸ್ತ್ರ ಕೊಡುವ ಉತ್ತರ ಒರಟು: ನೀನು ಕೊಂಡದ್ದು ಬೆಳೆಯನ್ನು, ಭೂಮಿಯನ್ನಲ್ಲ.

ಈಗ ನಂಬಿಗಸ್ತಿಕೆಯ ಮಾತು. ಆದಿಕಾಂಡದ 15ನೇ ಅಧ್ಯಾಯದಲ್ಲಿ ಅಬ್ರಹಾಮ ದೇವರನ್ನು ಕೇಳುತ್ತಾನೆ: ನೀನು ಕೊಡುವೆ ಎಂಬುದಕ್ಕೆ ಖಾತರಿ ಏನು? ದೇವರು ಕಡಸು, ಮೇಕೆ, ಟಗರುಗಳನ್ನು ತರಿಸಿ ಎರಡಾಗಿ ಸೀಳಿಸುತ್ತಾನೆ. ಹಳೆಯ ಪಶ್ಚಿಮ ಏಷ್ಯಾದಲ್ಲಿ ಕರಾರು ಮಾಡಿಕೊಳ್ಳುವ ಬಗೆಯಿದು. ಸೀಳಿದ ತುಂಡುಗಳ ನಡುವೆ ನಡೆದವನು, ಮಾತು ತಪ್ಪಿದರೆ ನನ್ನ ಗತಿಯೂ ಇದೇ ಎಂದು ಒಪ್ಪಿಕೊಂಡ ಹಾಗೆ. ಕತ್ತಲಾದಾಗ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ತುಂಡುಗಳ ನಡುವೆ ಹಾದುಹೋದವು ಎನ್ನುತ್ತದೆ ಕತೆ. ಅಬ್ರಹಾಮ ನಡೆಯಲೇ ಇಲ್ಲ, ಅವನಿಗೆ ಗಾಢನಿದ್ದೆ. ಕರಾರಿನ ಹೊರೆ ಒಂದೇ ಪಕ್ಷದ ಮೇಲೆ ಬಿತ್ತು. ಇದನ್ನು ನೆನಪಿಟ್ಟುಕೊಂಡು ಯೆರೆಮೀಯನ 34ನೇ ಅಧ್ಯಾಯಕ್ಕೆ ಬಂದರೆ ಅದೇ ಆಚರಣೆ ಇನ್ನೊಮ್ಮೆ ಕಾಣುತ್ತದೆ, ಬೇರೆ ಪಾತ್ರಧಾರಿಗಳೊಂದಿಗೆ. ಮುತ್ತಿಗೆ ಬಿಗಿಯಾದಾಗ ಅರಸ ಚಿದ್ಕೀಯ ಮತ್ತು ಯೆರೂಸಲೇಮಿನ ಸಿರಿವಂತರು ತಮ್ಮ ಜೀತದಾಳುಗಳನ್ನೆಲ್ಲ ಬಿಟ್ಟುಬಿಡುತ್ತೇವೆ ಎಂದು ಕರುವನ್ನು ಸೀಳಿ ಅದರ ನಡುವೆ ನಡೆದು ಆಣೆ ಮಾಡಿದರು, ಬಿಟ್ಟೂ ಬಿಟ್ಟರು. ಅಷ್ಟರಲ್ಲಿ ಐಗುಪ್ತದ ಸೈನ್ಯ ಬರುವ ಸುದ್ದಿ ಹಬ್ಬಿ ಬಾಬಿಲೋನಿನವರು ಒಂದಿಷ್ಟು ದಿನ ಹಿಂದೆ ಸರಿದರು. ಕೂಡಲೇ ಈ ಮಹನೀಯರು ಬಿಟ್ಟವರನ್ನು ಮತ್ತೆ ಹಿಡಿದು ತಂದು ಜೀತಕ್ಕೆ ಹಾಕಿಕೊಂಡರು. ಯೆರೂಸಲೇಮ್ ಯಾಕೆ ಬಿತ್ತು ಎಂಬುದಕ್ಕೆ ಯೆರೆಮೀಯ ಕೊಡುವ ಕಾರಣಗಳಲ್ಲಿ ಇದು ತೀರಾ ಖಚಿತವಾದದ್ದು. ನಮ್ಮಲ್ಲಿ ಪಾಪ ಎಂದೊಡನೆ ಕುಡಿತ, ಬೀಡಿ, ಸಿನಿಮಾ ನೆನಪಾಗುತ್ತವೆ. ಯೆರೆಮೀಯನ ಪಟ್ಟಿಯಲ್ಲಿ ಬಿಟ್ಟ ಜೀತದಾಳನ್ನು ಮತ್ತೆ ಕಟ್ಟಿಹಾಕಿದ್ದು ಮೇಲಿದೆ.

ಎರಡು ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಇಡೀ ಬೈಬಲಿನ ನಡಿಗೆ ಸಿಕ್ಕಿಬಿಡುತ್ತದೆ. ಮನುಷ್ಯರು ತುಂಡುಗಳ ನಡುವೆ ನಡೆಯುತ್ತಾರೆ, ತಪ್ಪುತ್ತಾರೆ. ದೇವರು ಒಬ್ಬನೇ ನಡೆದ ಕರಾರು ಮಾತ್ರ ನಿಂತಿದೆ. ಶಿಲುಬೆಯ ಬಗ್ಗೆ ಕ್ರೈಸ್ತರು ಹೇಳುವುದೆಲ್ಲ ಕೊನೆಗೆ ಇದೇ: ತಪ್ಪಿದವರು ತೆರಬೇಕಾದದ್ದನ್ನು, ತಪ್ಪದವನು ತೆತ್ತ. ಕೊಲೊಸ್ಸೆಯವರಿಗೆ ಬರೆದ ಪತ್ರ ಅದನ್ನು ಸಾಲಪತ್ರದ ಚಿತ್ರದಲ್ಲೇ ಹೇಳುತ್ತದೆ. ನಮ್ಮ ಮೇಲಿದ್ದ ಋಣದ ಚೀಟಿಯನ್ನು ಅಳಿಸಿ ಶಿಲುಬೆಗೆ ಜಡಿದುಬಿಟ್ಟ ಎಂದು. ಹಾಗಾಗಿ ಭೂಮಿ ಮತ್ತು ಸಾಲದ ಮಾತನ್ನು ಎತ್ತಿದರೆ ಶಿಲುಬೆ ಸಣ್ಣದಾಗುತ್ತದೆ ಎಂಬ ಹೆದರಿಕೆ ಬೇಡ. ಶಿಲುಬೆಯನ್ನು ವಿವರಿಸಲು ಮೊದಲ ಕ್ರೈಸ್ತರಿಗೆ ಸಿಕ್ಕ ನುಡಿಯೇ ಅದು.

ಇಲ್ಲಿ ಮೊದಲ ಗಟ್ಟಿ ಆಕ್ಷೇಪ ಎದುರಾಗುತ್ತದೆ. ನಂಬಿಗಸ್ತನಾದ ದೇವರು ತನ್ನ ಜನರನ್ನು ಸೆರೆಗೆ ಹೋಗಗೊಟ್ಟದ್ದು ಯಾಕೆ? ಚಿತ್ರದುರ್ಗದ ಓದುಗರಿಗೆ ಗಡೀಪಾರು ಎಂದರೇನು ಎಂದು ಬಾಬಿಲೋನಿಗೆ ಹೋಗಿ ತಿಳಿಯಬೇಕಿಲ್ಲ. 1779ರಲ್ಲಿ ದುರ್ಗ ಹೈದರಾಲಿಯ ವಶವಾದಾಗ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವನ ಹಿಂದೆ ಬೇಡ ಪಡೆಯವರನ್ನು ಸಂಸಾರ ಸಮೇತ ಎತ್ತಂಗಡಿ ಮಾಡಿದರು, 20 ಸಾವಿರ ಎನ್ನುತ್ತವೆ ಹಳೆಯ ಮೈಸೂರಿನ ಇತಿಹಾಸ ಬರಹಗಳು. ಐದು ವರ್ಷದ ಮೇಲೆ, 1784ರಲ್ಲಿ, ಟಿಪ್ಪು ಸುಲ್ತಾನ ಕರಾವಳಿಯ ಕಥೋಲಿಕರನ್ನು ಅದೇ ಶ್ರೀರಂಗಪಟ್ಟಣಕ್ಕೆ ನಡೆಸಿದ. ಬದುಕಿ ಉಳಿದವರು ಮಂಗಳೂರಿನ ಕಡೆ ತಿರುಗಿದ್ದು 1799ರ ನಂತರ. ಗೆದ್ದ ಅರಸ ಸೋತವರನ್ನು ಬೇರುಸಹಿತ ಕಿತ್ತು ತನ್ನ ರಾಜಧಾನಿಗೆ ನೆಡುವುದು ಅವನ ಧರ್ಮಕ್ಕಿಂತ ಹೆಚ್ಚಾಗಿ ಅವನ ರಾಜ್ಯತಂತ್ರದ ಮಾತು. ಅಶ್ಶೂರರು, ಬಾಬಿಲೋನಿನವರು ಮಾಡಿದ್ದೂ ಅದನ್ನೇ. ಯೆಹೂದದ ಅರಸ ಯೆಹೋಯಾಖೀನ ಸೆರೆಯಲ್ಲಿದ್ದದ್ದಕ್ಕೆ ಬೈಬಲಿನ ಹೊರಗೂ ಸಾಕ್ಷಿಯಿದೆ. ಬಾಬಿಲೋನಿನ ಅರಮನೆಯ ಅವಶೇಷಗಳಲ್ಲಿ ಜರ್ಮನ್ ಉತ್ಖನನಕಾರರಿಗೆ ಸಿಕ್ಕು, 1939ರಲ್ಲಿ ಎರ್ನ್ಸ್ಟ್ ವೈಡ್ನರ್ ಪ್ರಕಟಿಸಿದ ಮಣ್ಣಿನ ಹಲಗೆಗಳಲ್ಲಿ, ಯೆಹೂದದ ಅರಸನಿಗೂ ಅವನ ಐವರು ಗಂಡುಮಕ್ಕಳಿಗೂ ಕೊಟ್ಟ ಎಣ್ಣೆಯ ಪಡಿಯ ಲೆಕ್ಕ ಬರೆದಿದೆ. ದಾವೀದನ ಸಿಂಹಾಸನ ಎಂದೆಂದಿಗೂ ಎಂದು ಮಾತು ಪಡೆದ ವಂಶದ ಅರಸ, ಉಗ್ರಾಣದ ಪಟ್ಟಿಯಲ್ಲಿ ಎಣ್ಣೆಗೆ ಕೈಯೊಡ್ಡಿದವನಾಗಿ ಉಳಿದ.

ಈ ಆಕ್ಷೇಪವನ್ನು ನಾಸ್ತಿಕರು ಎತ್ತುವ ಮೊದಲೇ ಬೈಬಲ್ ಎತ್ತಿದೆ. 89ನೇ ಕೀರ್ತನೆ ಓದಿ. ಮೊದಲ ಎರಡು ಪಾಲು ದಾವೀದನಿಗೆ ಕೊಟ್ಟ ಮಾತಿನ ಹೊಗಳಿಕೆ: ಸೂರ್ಯ ಇರುವವರೆಗೆ, ಚಂದ್ರ ಇರುವವರೆಗೆ ನಿಲ್ಲುವ ಮಾತು. ಕನ್ನಡ ನಾಡಿನ ದಾನಶಾಸನಗಳನ್ನು ನೋಡಿದವರಿಗೆ ಈ ಸಾಕ್ಷಿದಾರರ ಪರಿಚಯವಿದೆ. ಗದ್ದೆ ಬಿಟ್ಟ ನಾಯಕನೂ ಅಗ್ರಹಾರ ಕೊಟ್ಟ ಹೊಯ್ಸಳ ದಂಡನಾಯಕನೂ ಆಚಂದ್ರಾರ್ಕ ಎಂದೇ ಕೆತ್ತಿಸುತ್ತಿದ್ದರು, ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನೂ ಬಿಡಿಸುತ್ತಿದ್ದರು. ದಾನ ಕೊಟ್ಟ ವಂಶವೂ ಹೋಗಿದೆ, ದಾನದ ಗದ್ದೆಯೂ ಕೈ ಬದಲಾಗಿದೆ, ಕಲ್ಲು ಮಾತ್ರ ಊರ ಮುಂದೆ ನಿಂತಿದೆ. ಕೀರ್ತನೆಕಾರ ನಿಂತದ್ದೂ ಅಂಥದೇ ಜಾಗದಲ್ಲಿ. ಕೀರ್ತನೆಯ ಮೂರನೆಯ ಪಾಲು ನೇರ ಆರೋಪ: ನೀನೇ ಒಡಂಬಡಿಕೆಯನ್ನು ತಳ್ಳಿಹಾಕಿದೆ, ಕಿರೀಟವನ್ನು ಮಣ್ಣುಪಾಲು ಮಾಡಿದೆ, ಹಿಂದಿನ ನಿನ್ನ ಕೃಪೆಯೆಲ್ಲ ಎಲ್ಲಿ ಹೋಯಿತು? ಉತ್ತರ ಬರುವುದಿಲ್ಲ. ಸೋತ ಜನ ತಮ್ಮ ದೇವರ ಮೇಲೆ ಹೂಡಿದ ದಾವೆಯನ್ನು ತಮ್ಮದೇ ಧರ್ಮಗ್ರಂಥದ ಒಳಗೆ, ಆರಾಧನೆಯ ಹಾಡುಗಳ ನಡುವೆ ಇಟ್ಟುಕೊಂಡರು. ಗೆದ್ದ ಅರಸರ ಶಾಸನಗಳಲ್ಲಿ ಇಂಥದ್ದು ಸಿಗುವುದಿಲ್ಲ. ನನಗೆ ಬೈಬಲಿನ ಸಾಕ್ಷ್ಯ ನಂಬತಕ್ಕದ್ದೆನಿಸಲು ಇರುವ ಕಾರಣಗಳಲ್ಲಿ ಇದು ದೊಡ್ಡದು: ಅದು ತನ್ನ ಪಕ್ಷಕ್ಕೆ ವಿರುದ್ಧವಾದ ಕಾಗದಗಳನ್ನು ಬಚ್ಚಿಟ್ಟಿಲ್ಲ. ಮತ್ತಾಯನ ಸುವಾರ್ತೆ ಯೇಸುವಿನ ವಂಶಾವಳಿ ಬರೆಯುವಾಗಲೂ ಬಾಬಿಲೋನಿನ ಸೆರೆಯನ್ನು ಹಾರಿಸಿಬಿಡದೆ ಅದನ್ನೇ ಒಂದು ಮೈಲಿಗಲ್ಲು ಮಾಡಿಕೊಳ್ಳುತ್ತದೆ; ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ ಎಂದು, ಮನೆತನದವರು ಮುಚ್ಚಿಡಬಹುದಾಗಿದ್ದ ಹೆಸರುಗಳನ್ನೇ ಎತ್ತಿ ಹೇಳುತ್ತದೆ. ಅವರಲ್ಲಿ ರೂತ ಮೋವಾಬಿನಿಂದ ಬಂದ ವಿಧವೆ. ಬೇತ್ಲೆಹೇಮಿನ ಬೋವಜ ಅವಳ ಮಾವನ ಹೊಲವನ್ನು ಊರಬಾಗಿಲಲ್ಲಿ ಹತ್ತು ಹಿರಿಯರ ಮುಂದೆ ಬಿಡಿಸಿಕೊಂಡ. ಅವನಿಗಿಂತ ಹತ್ತಿರದ ಬಂಧುವೊಬ್ಬ ಹೊಲ ಬೇಕು, ವಿಧವೆ ಬೇಡ ಎಂದು ಹಿಂದೆ ಸರಿದಿದ್ದ. ಅವಳ ಮರಿಮಗ ದಾವೀದ.

ಸೆರೆಯಿಂದ ಮರಳುವುದೇನೋ ಆಯಿತು. ಕ್ರಿ.ಪೂ. 539ರಲ್ಲಿ ಪಾರಸಿಯರ ಕೋರೆಷ ಬಾಬಿಲೋನನ್ನು ಹಿಡಿದ. ತಾನು ದೇವತೆಗಳನ್ನು ಅವರವರ ಗುಡಿಗಳಿಗೂ ಜನರನ್ನು ಅವರವರ ಊರುಗಳಿಗೂ ಮರಳಿಸಿದೆ ಎಂದು ಅವನು ಕೊಚ್ಚಿಕೊಂಡ ಮಣ್ಣಿನ ಉರುಳೆ 1879ರಲ್ಲಿ ಸಿಕ್ಕು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಯೆಹೂದ್ಯರ ಹೆಸರು ಅದರಲ್ಲಿಲ್ಲ, ಆದರೆ ಬೈಬಲ್ ಹೇಳುವ ಧೋರಣೆ ಅದೇ. ಆದರೂ ಯೆರೆಮೀಯ ಆ ಹೊಲ ಉಳಲಿಲ್ಲ. ಊರು ಬಿದ್ದ ಮೇಲೆ ಅವನನ್ನು ಅವನ ಮನಸ್ಸಿಗೆ ವಿರುದ್ಧವಾಗಿ ಐಗುಪ್ತಕ್ಕೆ ಕರೆದೊಯ್ದರು. ಅವನ ಕೊನೆ ಏನಾಯಿತೆಂದು ಬೈಬಲ್ ಹೇಳುವುದಿಲ್ಲ. ನಂಬಿದವನಿಗೆ ಈ ವರ್ಷವೇ ಮನೆ, ಮುಂದಿನ ವರ್ಷ ಕಾರು ಎಂದು ಮೈಕಿನಲ್ಲಿ ಕೂಗುವ ಬೋಧಕರು ಈ ಸಂಗತಿಯನ್ನು ಸ್ವಲ್ಪ ಧೇನಿಸಬೇಕು. 17 ಶೆಕೆಲ್ ಕೊಟ್ಟವನಿಗೆ ಒಂದು ಸೇರು ಗೋಧಿಯೂ ದಕ್ಕಲಿಲ್ಲ. ಅವನ ನಂಬಿಕೆ ಲಾಭದ ಮೇಲೆ ನಿಂತಿರಲಿಲ್ಲ. ಈ ನಾಡಿನಲ್ಲಿ ಮತ್ತೆ ಜನ ಹೊಲಗದ್ದೆ ಕೊಂಡು ಮಾರುವ ದಿನ ಬರುತ್ತದೆ ಎಂಬ ಮಾತಿನ ಮೇಲೆ ನಿಂತಿತ್ತು, ಆ ಜನ ತಾನಾಗಿರಬೇಕೆಂಬ ಷರತ್ತಿಲ್ಲದೆ.

ಹೊಸ ಒಡಂಬಡಿಕೆಗೆ ಬಂದ ಮೇಲೆ ಹೊಲ, ಸಾಲಗಳೆಲ್ಲ ಬರೀ ರೂಪಕವಾದವು, ಇನ್ನು ಮುಂದಿನದೆಲ್ಲ ಆತ್ಮದ ಮಾತು ಎಂದು ವಾದಿಸುವವರಿದ್ದಾರೆ. ನಮ್ಮ ಸಭೆಗಳಲ್ಲಿ ಬಹುಮತವೂ ಅವರದೇ ಇರಬಹುದು. ಆದರೆ ಲೂಕನ ಪ್ರಕಾರ ನಜರೇತಿನ ಸಭಾಮಂದಿರದಲ್ಲಿ ಯೇಸು ಓದಿದ್ದು ಯೆಶಾಯನ ಬಿಡುಗಡೆಯ ಭಾಗ, ಜೂಬಿಲಿಯ ಕೊಂಬಿನ ದನಿಯಿರುವಂಥದ್ದು. ಆತ ಕಲಿಸಿದ ಪ್ರಾರ್ಥನೆ ಮತ್ತಾಯನಲ್ಲಿ ಸಾಲ ಮನ್ನಾದ ಮಾತಿನಲ್ಲಿದೆ: ನಮ್ಮ ಸಾಲಗಾರರನ್ನು ಬಿಟ್ಟ ಹಾಗೆ ನಮ್ಮನ್ನೂ ಬಿಡು. ಪೌಲ ರೋಮಾಪುರದವರಿಗೆ ಬರೆಯುವಾಗ ಬಿಡುಗಡೆಗಾಗಿ ನರಳುತ್ತಿರುವುದು ಮನುಷ್ಯರಷ್ಟೇ ಅಲ್ಲ, ಸೃಷ್ಟಿಯೆಲ್ಲ ಎನ್ನುತ್ತಾನೆ. ಬೈಬಲಿನ ಕೊನೆಯ ಪುಟಗಳಲ್ಲಿ ಮನುಷ್ಯರು ಮೇಲಕ್ಕೆ ಹೋಗುವುದಿಲ್ಲ. ಪಟ್ಟಣವೇ ಮೇಲಿಂದ ಭೂಮಿಗೆ ಇಳಿಯುತ್ತದೆ. ಆತ್ಮ ಸುಳ್ಳು, ಹೊಲ ಮಾತ್ರ ನಿಜ ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ಬೇರೆ ಬೇರೆ ಖಾತೆಗೆ ಹಾಕುವುದು ಬೈಬಲಿನ ಲೆಕ್ಕವಲ್ಲ.

ಇನ್ನೂ ಮೂರು ಆಕ್ಷೇಪಗಳಿವೆ, ಅವುಗಳ ತೂಕ ಒಂದೇ ಅಲ್ಲ. ಜೂಬಿಲಿ ಎಂದಾದರೂ ಜಾರಿಯಾಗಿತ್ತೇ ಎಂಬುದು ಹಗುರದ್ದು. ಜಾರಿಯಾದುದಕ್ಕೆ ಪುರಾವೆ ಇಲ್ಲ. ಪೂರ್ವಕಾಲವೃತ್ತಾಂತದ ಕೊನೆಯಂತೂ, ನೀವು ಕೊಡದ ವಿಶ್ರಾಂತಿ ವರ್ಷಗಳನ್ನು ಭೂಮಿ ನೀವು ಸೆರೆಯಲ್ಲಿದ್ದಾಗ ತಾನೇ ಪಡೆದುಕೊಂಡಿತು ಎಂದು ಕುಟುಕುತ್ತದೆ. ಜಾರಿಯಾಗದ ಕಾನೂನು ಜನರ ಮೇಲಿನ ದೂರು, ಕಾನೂನಿನ ಮೇಲಿನದಲ್ಲ. ಎರಡನೆಯದು ಭಾರದ್ದು. ಅದೇ 25ನೇ ಅಧ್ಯಾಯ ಅನ್ಯಜನಾಂಗದವರನ್ನು ದಾಸರಾಗಿ ಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಡಬಹುದು ಎಂದೂ ಹೇಳುತ್ತದೆ, ಅಮೆರಿಕದ ಗುಲಾಮರ ಒಡೆಯರು ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕಾನಾನ್ಯರ ನೆಲ ಇವರಿಗೆ ಸಿಕ್ಕಿದ್ದು ಹೇಗೆ ಎಂಬುದೂ ಇದೇ ಸಾಲಿನ ಪ್ರಶ್ನೆ. ಇವನ್ನು ನುಣುಪು ಮಾಡಿ ಹೇಳುವ ವಿದ್ಯೆ ನನಗೆ ಬೇಡ. ಆ ವಚನಗಳು ಅಲ್ಲಿವೆ, ಅವುಗಳಿಂದ ಜನ ಸತ್ತಿದ್ದಾರೆ. ನಾನು ತೋರಿಸಬಲ್ಲುದು ಇಷ್ಟು, ಕತೆ ಅಲ್ಲಿಗೇ ನಿಲ್ಲಲಿಲ್ಲ. ನೀವು ಮಲಿನ ಮಾಡಿದರೆ ಭೂಮಿ ನಿಮ್ಮನ್ನೂ ಕಾರಿಹಾಕುತ್ತದೆ ಎಂದು ಯಾಜಕಕಾಂಡವೇ ಎಚ್ಚರಿಸುತ್ತದೆ. ಇಸ್ರಾಯೇಲರನ್ನು ಐಗುಪ್ತದಿಂದ ಕರೆತಂದವನೇ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ನೆಲೆಗೆ ಕರೆತಂದ ಎಂದು ಆಮೋಸ ಹೇಳಿ ಕೇಳುಗರ ಸೊಕ್ಕಿಳಿಸುತ್ತಾನೆ. ಓಡಿಹೋದ ಗುಲಾಮ ಒನೇಸಿಮನನ್ನು ಅವನ ಒಡೆಯ ಫಿಲೆಮೋನನ ಹತ್ತಿರ ಕಳಿಸುವಾಗ ಪೌಲ, ಇವನನ್ನು ದಾಸನೆಂದಲ್ಲ, ತಮ್ಮನೆಂದು ಸೇರಿಸಿಕೋ, ಇವನು ಏನಾದರೂ ಬಾಕಿಯಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ಬರೆದ. ಬಂಧು ಯಾರು ಎಂಬ ಬೇಲಿ ಪುಸ್ತಕದಿಂದ ಪುಸ್ತಕಕ್ಕೆ ಹೊರಕ್ಕೆ ಸರಿಯುತ್ತಾ ಹೋಗಿದೆ. ಅದು ಬೇಗ ಸರಿಯಲಿಲ್ಲ ಎಂಬ ದೂರನ್ನು ಒಪ್ಪುತ್ತೇನೆ.

ಮೂರನೆಯದು ನಮ್ಮ ಊರಿನದು: ಹೊಲ, ಸಾಲ, ಜೀತ ಎನ್ನುತ್ತಾ ಬಡವರ ನಡುವೆ ಹೋಗುವುದೇ ಆಮಿಷವಲ್ಲವೇ? 2022ರ ಕಾಯ್ದೆ ಉಡುಗೊರೆ, ಹಣದ ಜೊತೆಗೆ ಉತ್ತಮ ಜೀವನದ ಭರವಸೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿತ್ತು. ನನ್ನ ಉತ್ತರ ಎರಡು ಕಡೆಗೂ ಹಿತವಾಗಲಾರದು. ಸಭೆಗೆ ಸೇರಿದರೆ ಸಾಲ ತೀರಿಸುತ್ತೇವೆ ಎಂದವನು ಬಿಡಿಸುತ್ತಿಲ್ಲ, ಸಾಲ ಕೊಟ್ಟವನನ್ನು ಬದಲಿಸುತ್ತಿದ್ದಾನೆ ಅಷ್ಟೆ. ಬೋವಜನಾಗಲೀ ಯೆರೆಮೀಯನಾಗಲೀ ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಇತ್ತ, 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಸ್ಥಾನವನ್ನೇ ಕಳೆದುಕೊಳ್ಳುತ್ತಾನೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕ ವಿನಾಯಿತಿ ಅವನಿಗಿಲ್ಲ. ಸ್ಕಾಲರ್‌ಶಿಪ್ಪು, ಮೀಸಲು ಸೀಟು ಬಿಟ್ಟುಕೊಟ್ಟು ಬಂದವನನ್ನು ಆಮಿಷಕ್ಕೆ ಬಿದ್ದವನು ಎನ್ನುವುದು ಲೆಕ್ಕ ಬರದವರ ಮಾತು. ಬಂದ ಮೇಲೆ ಅವನಿಗೆ ಏನಾಯಿತು ಎಂಬ ಪ್ರಶ್ನೆ ಮಾತ್ರ ನಮ್ಮದು. ಮದುವೆ ಸಂಬಂಧ ಕುದುರಿಸುವಾಗ, ಸ್ಮಶಾನದಲ್ಲಿ ಜಾಗ ಕೊಡುವಾಗ ಹಳೆಯ ಜಾತಿಯನ್ನೇ ವಿಚಾರಿಸುವ ಕ್ರೈಸ್ತ ಕುಟುಂಬಗಳು ಈ ರಾಜ್ಯದಲ್ಲಿ ಕಡಿಮೆಯಿಲ್ಲ.

ಬಾಬಿಲೋನಿನ ಸೆರೆಯಿಂದ ಮರಳಿದವರೂ ತಮ್ಮವರನ್ನೇ ಹೀಗೆ ಕೀಳಾಗಿ ನಡೆಸಿಕೊಂಡರು. ಮರಳಿ ನೂರು ವರ್ಷ ಆಗುವ ಮೊದಲೇ ಯೆರೂಸಲೇಮಿನ ಬಡವರು ದೇಶಾಧಿಪತಿ ನೆಹೆಮೀಯನ ಮುಂದೆ ಗೋಳಿಟ್ಟರು: ಹೊಲ, ದ್ರಾಕ್ಷಿತೋಟ, ಮನೆ ಎಲ್ಲ ಅಡಮಾನಕ್ಕೆ ಹೋದವು, ಮಕ್ಕಳನ್ನು ಜೀತಕ್ಕಿಟ್ಟೆವು, ಇಟ್ಟುಕೊಂಡವರು ನಮ್ಮ ಅಣ್ಣತಮ್ಮಂದಿರೇ. ನೆಹೆಮೀಯ ಧನಿಕರನ್ನು ಸಭೆ ಕರೆದು ಗದರುತ್ತಾನೆ, ಆದರೆ ಆ ಮಾತಿನ ನಡುವೆ ತಾನೂ ತನ್ನ ಬಂಧುಗಳೂ ತನ್ನ ಆಳುಗಳೂ ಜನರಿಗೆ ಹಣ, ಕಾಳು ಸಾಲ ಕೊಟ್ಟಿರುವುದನ್ನು ಸೇರಿಸಿಯೇ ಹೇಳುತ್ತಾನೆ. ಪ್ರಾರ್ಥನಾ ಕೂಟವನ್ನು ಕರೆಯುವುದಿಲ್ಲ, ಉಪವಾಸ ಸಾರುವುದಿಲ್ಲ. ಹೊಲ, ತೋಟ, ಮನೆ, ನೂರಕ್ಕೊಂದರಂತೆ ತೆಗೆದ ಬಡ್ಡಿ, ಎಲ್ಲವನ್ನೂ ಇವತ್ತೇ ಹಿಂದಿರುಗಿಸಿ ಎಂದು ಯಾಜಕರನ್ನು ಕರೆಸಿ ಅವರ ಮುಂದೆ ಪ್ರಮಾಣ ಮಾಡಿಸಿಕೊಳ್ಳುತ್ತಾನೆ. ಬೈಬಲಿನ ವಿಮೋಚನೆಯನ್ನು ನಂಬುತ್ತೇವೆ ಎನ್ನುವ ನಮ್ಮ ಸಭೆಗಳು ಸಭೆಯ ಜಮೀನು ಯಾರ ಹೆಸರಿಗೆ ಹೋಯಿತು, ಸಭೆಯ ಶಾಲೆ ಆಸ್ಪತ್ರೆಗಳಲ್ಲಿ ಗುಡಿಸುವವರಿಗೆ ಎಷ್ಟು ಸಂಬಳ, ಸ್ಮಶಾನದ ಗೋಡೆಯ ಯಾವ ಬದಿ ಯಾರಿಗೆ ಎಂಬ ಪಟ್ಟಿಯನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ಓದಬೇಕಿದೆ. ಅದಕ್ಕೆ ಯಾವ ಸರ್ಕಾರದ ಸಮೀಕ್ಷೆಯೂ ಬೇಕಿಲ್ಲ, ಸಭೆಯ ಕಾರ್ಯದರ್ಶಿಯ ಬೀರುವಿನಲ್ಲಿರುವ ಪುಸ್ತಕಗಳೇ ಸಾಕು.